ಮುದ್ದೆ ಬಿಟ್ಟು ಆರು ಕಿಲೋ ಇಳಿದಿದ್ದೇನೆ, ಆದರೆ ಮೆಟ್ಟಿಲು ಹತ್ತಲು ಕಾಲಿನಲ್ಲಿ ಕಸುವಿಲ್ಲ

ಬಂಗಾರಪೇಟೆ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 44, ಎತ್ತರ 157 ಸೆಂಟಿಮೀಟರ್. ಬೇಸಿಗೆ ರಜೆಯ ಹೊತ್ತಿಗೆ ತೂಕ 74 ಕಿಲೋ ಮುಟ್ಟಿದ್ದನ್ನು ಕಂಡು, ನಮ್ಮ ಊಟದಲ್ಲಿ ಮುದ್ದೆಯೇ ಭಾರವಾದದ್ದೆಂದು ನಾನೇ ತೀರ್ಮಾನಿಸಿಕೊಂಡು ಅದನ್ನು ಪೂರ್ತಿ ಬಿಟ್ಟೆ. ಬೆಳಿಗ್ಗೆ ಒಂದು ಬಟ್ಟಲು ಪರಂಗಿ ಹಣ್ಣು, ಮಧ್ಯಾಹ್ನ ಒಂದು ಹಿಡಿ ಅನ್ನಕ್ಕೆ ತಿಳಿಸಾರು, ರಾತ್ರಿ ಸೌತೆಕಾಯಿ ಮತ್ತು ಮಜ್ಜಿಗೆ, ಇಷ್ಟೇ ನನ್ನ ದಿನದ ಆಹಾರ. ಮೂರು ತಿಂಗಳಲ್ಲಿ ತೂಕ 68 ಕಿಲೋಗೆ ಇಳಿಯಿತು. ಮೊದಮೊದಲು ಬಹಳ ಸಂತೋಷವಾಗಿತ್ತು.

ಈಗ ಶಾಲೆಯ ಎರಡನೆಯ ಮಹಡಿ ಹತ್ತುವಾಗ ತೊಡೆ ನಡುಗುತ್ತದೆ, ತಲೆ ಬಾಚಿದಾಗ ಕೂದಲು ಕೈತುಂಬ ಬರುತ್ತದೆ, ಇಷ್ಟು ಕಡಿಮೆ ತಿಂದರೂ ಕಳೆದ ಮೂರು ವಾರಗಳಿಂದ ತೂಕ ಇಳಿಯುವುದು ನಿಂತುಹೋಗಿದೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಎರಡೂ ಸರಿಯಾಗಿವೆ. ಪರಿಚಯದವರೊಬ್ಬರು ಊಟದ ಬದಲು ಪ್ರೋಟೀನ್ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಯುವಂತೆ ಒತ್ತಾಯಿಸುತ್ತಿದ್ದಾರೆ. ನಮ್ಮ ಅತ್ತೆಯವರು, ಮುದ್ದೆ ಮುಟ್ಟದ ಮೈಗೆ ಕಸುವು ಎಲ್ಲಿಂದ ಬರಬೇಕು ಎನ್ನುತ್ತಾರೆ. ನನ್ನಂಥವಳಿಗೆ ದಿನಕ್ಕೆ ಎಷ್ಟು ಪ್ರೋಟೀನ್ ಬೇಕು, ಅದನ್ನು ಮನೆಯ ಅಡುಗೆಯಲ್ಲೇ ಪಡೆಯಬಹುದೇ, ಹೆಚ್ಚಾದರೆ ಅದೂ ಕೊಬ್ಬಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಕೋಲಾರ ಆಹಾರ ತಜ್ಞೆ:

ಮೇಡಂ, ನಾನು ಕೋಲಾರದ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮಂತೆ ಮುದ್ದೆ ಬಿಟ್ಟು, ಬಳಲಿ ಬರುವವರನ್ನು ಆಗಾಗ ಕಾಣುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೆ, ಇಳಿದ ಆರು ಕಿಲೋದಲ್ಲಿ ಏನೇನಿತ್ತು ಎಂಬುದನ್ನು ನೋಡೋಣ, ಏಕೆಂದರೆ ತಕ್ಕಡಿಗೆ ಕೊಬ್ಬು, ನೀರು, ಸ್ನಾಯು ಎಂಬ ಭೇದ ತಿಳಿಯುವುದಿಲ್ಲ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆಯ ರೂಪ, ಶೇಖರವಾಗಿರುತ್ತದೆ, ಅದರ ಪ್ರತಿ ಗ್ರಾಂ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಊಟ ಕಡಿಮೆ ಮಾಡಿದ ಮೊದಲ ಕೆಲವು ದಿನಗಳಲ್ಲಿ ಇಳಿಯುವ ಒಂದೂವರೆ ಕಿಲೋ ಬಹುಪಾಲು ನೀರೇ. ಆಮೇಲೆ ಇಳಿದದ್ದರಲ್ಲಿ ಕೊಬ್ಬೇ ಹೆಚ್ಚೆಂಬುದು ನಿಜವಾದರೂ, ಪ್ರೋಟೀನೂ ಇಲ್ಲದೆ, ಸ್ನಾಯುಗಳಿಗೆ ಕೆಲಸವೂ ಇಲ್ಲದೆ ತೂಕ ಇಳಿಸಿದಾಗ ಕಳೆದುಹೋಗುವ ತೂಕದ ಕಾಲುಭಾಗದಷ್ಟು ಕೊಬ್ಬಲ್ಲದ ಅಂಗಾಂಶವಾಗಿರುವುದು ಸಾಮಾನ್ಯ. ನಿಮ್ಮ ತೊಡೆಯ ನಡುಕಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ. ಕೂದಲು ಉದುರುವುದು ತೂಕ ಬೇಗನೆ ಇಳಿದ ಎರಡು ಮೂರು ತಿಂಗಳ ನಂತರ ಕಾಣಿಸಿಕೊಳ್ಳುವುದುಂಟು. ಆಹಾರ ಸರಿಯಾದ ಮೇಲೆ ಅದು ನಿಧಾನವಾಗಿ ಹಿಡಿತಕ್ಕೆ ಬರುತ್ತದೆ.

ಸ್ನಾಯು ಏಕೆ ಕರಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಮೈಯಲ್ಲಿ ಪ್ರೋಟೀನಿಗೆ ಕಣಜವಿಲ್ಲ. ಹೆಚ್ಚಾದ ಪಿಷ್ಟ ಗ್ಲೈಕೋಜನ್ ಆಗಿಯೂ ಕೊಬ್ಬಾಗಿಯೂ ಕೂಡಿಕೊಳ್ಳುತ್ತದೆ, ಹೆಚ್ಚಾದ ಎಣ್ಣೆ ಕೊಬ್ಬಾಗಿ ನಿಲ್ಲುತ್ತದೆ, ಆದರೆ ಪ್ರೋಟೀನ್ ಇರುವುದೆಲ್ಲ ದುಡಿಯುತ್ತಿರುವ ಸ್ನಾಯು, ಚರ್ಮ, ರಕ್ತ, ಕಿಣ್ವಗಳ ರೂಪದಲ್ಲಿ ಮಾತ್ರ. ದೇಹ ಇವನ್ನು ದಿನವೂ ಒಡೆದು ಮತ್ತೆ ಕಟ್ಟುತ್ತಿರುತ್ತದೆ. ವಯಸ್ಕರಲ್ಲಿ ಹೀಗೆ ಒಡೆದು ಕಟ್ಟಲ್ಪಡುವ ಪ್ರೋಟೀನ್ ದಿನಕ್ಕೆ ಸುಮಾರು 250ರಿಂದ 300 ಗ್ರಾಂ, ಅಂದರೆ ನಾವು ತಿನ್ನುವುದರ ಎಷ್ಟೋ ಪಟ್ಟು. ಪ್ರೋಟೀನ್ ಒಡೆದಾಗ ಸಿಗುವ ಬಿಡಿಭಾಗಗಳಾದ ಹಳೆಯ ಅಮೈನೋ ಆಮ್ಲಗಳೇ ಬಹುಪಾಲು ಮರುಬಳಕೆಯಾಗುತ್ತವೆ, ಒಂದಷ್ಟು ಮಾತ್ರ ಯೂರಿಯಾ ಎಂಬ ತ್ಯಾಜ್ಯವಾಗಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಆ ನಷ್ಟವನ್ನು ತುಂಬುವುದೇ ಊಟದ ಪ್ರೋಟೀನಿನ ಕೆಲಸ.

ಇನ್ನು ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಮುದ್ದೆಯೂ ಇಲ್ಲ, ಅನ್ನವೂ ಇಲ್ಲವೆಂದಾದಾಗ ಯಕೃತ್ತು ಸ್ನಾಯುವಿನಿಂದ ಬಂದ ಅಮೈನೋ ಆಮ್ಲಗಳಿಂದಲೂ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಸೌದೆ ಮುಗಿದ ಮನೆಯಲ್ಲಿ ಸೂರಿನ ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ ಇದು. ಹೀಗಾಗಿ ಅಳತೆಯ ಮುದ್ದೆ ನಿಮ್ಮ ಶತ್ರುವಲ್ಲ, ಅದು ಸ್ನಾಯುವನ್ನು ಕಾಯುವ ಸೌದೆ. ನಿಮ್ಮ ಅತ್ತೆಯವರ ಮಾತಿನಲ್ಲಿ ಸತ್ಯವಿದೆ, ಆದರೆ ಮುದ್ದೆಯೊಂದರಿಂದಲೇ ಕೆಲಸ ನಡೆಯುವುದೂ ಇಲ್ಲ: 100 ಗ್ರಾಂ ರಾಗಿಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ.

ಎಷ್ಟು ಬೇಕೆಂಬ ಲೆಕ್ಕಕ್ಕೆ ಬರುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರತೀಯರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, 23ರ ಒಳಗಿರಬೇಕೆಂಬ ಅಳತೆಯಲ್ಲಿ ನಿಮ್ಮ ಎತ್ತರಕ್ಕೆ ಒಪ್ಪುವ ತೂಕ ಸುಮಾರು 57 ಕಿಲೋ, ಅದಕ್ಕೆ 47 ಗ್ರಾಂ ಆಗುತ್ತದೆ. ಆದರೆ ತೂಕ ಇಳಿಸುವ ಕಾಲದಲ್ಲಿ ಸ್ನಾಯು ಉಳಿಯಬೇಕಾದ್ದರಿಂದ ನಾನು ಕಿಲೋಗೆ 1ರಿಂದ 1.2 ಗ್ರಾಂ ಹಿಡಿಯುತ್ತೇನೆ. ನಿಮಗೆ 60 ಗ್ರಾಂ ಆಸುಪಾಸು ಎಂದಿಟ್ಟುಕೊಳ್ಳಿ. ಈಗಿನ ನಿಮ್ಮ ಊಟದಲ್ಲಿ ಅದರ ಮೂರನೆಯ ಒಂದು ಭಾಗವೂ ಇರಲಾರದು.

ಇದಕ್ಕೆ ಡಬ್ಬಿಯ ಪುಡಿ ಬೇಕಾಗಿಲ್ಲ. ಒಂದು ದಿನಕ್ಕೆ 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಿಂದ 7 ಗ್ರಾಂ, 60 ಗ್ರಾಂ ಅಕ್ಕಿಯಿಂದ ನಾಲ್ಕೂವರೆ, ಎರಡು ಹಿಡಿ ಅಂದರೆ 75 ಗ್ರಾಂ ಒಣ ಹುರುಳಿ ಅಥವಾ ಅವರೆಯಿಂದ 16, ಹಾಲು ಮೊಸರು ಸೇರಿ 400 ಮಿಲಿಲೀಟರಿನಿಂದ 13, ಎರಡು ಮೊಟ್ಟೆಯಿಂದ 12, ಒಂದು ಸಣ್ಣ ಹಿಡಿ ಕಡಲೆಕಾಯಿ ಬೀಜದಿಂದ 6 ಗ್ರಾಂ ದೊರೆತು, ಸೊಪ್ಪು ತರಕಾರಿ ಸೇರಿದರೆ 60 ದಾಟುತ್ತದೆ. ಎಣ್ಣೆಯನ್ನು ನಾಲ್ಕು ಚಮಚಕ್ಕೆ ನಿಲ್ಲಿಸಿದರೆ ಇಡೀ ದಿನದ ಶಕ್ತಿ ಸುಮಾರು 1,550 ಕ್ಯಾಲೊರಿ, ಇದರಲ್ಲೇ ನಿಮ್ಮ ತೂಕ ನಿಧಾನವಾಗಿ ಇಳಿಯುತ್ತದೆ. ಮೊಟ್ಟೆ ತಿನ್ನದವರು ಇನ್ನೊಂದು ಹಿಡಿ ಕಾಳು ಮತ್ತು ಒಂದು ಬಟ್ಟಲು ಮೊಸರು ಸೇರಿಸಿಕೊಳ್ಳಬಹುದು.

ರಾಗಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಮೆಥಿಯೋನಿನ್ ಚೆನ್ನಾಗಿದೆ. ಕಾಳಿನಲ್ಲಿ ಇದು ತಿರುಗುಮುರುಗು. ಮುದ್ದೆಗೆ ಕಾಳುಸಾರು ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಸೇರಬೇಕೆಂದಿಲ್ಲ, ಒಂದೇ ದಿನದಲ್ಲಿ ಸೇರಿದರೆ ಸಾಕು. ಪ್ರೋಟೀನ್ ಹೆಚ್ಚಾದರೆ ಕೊಬ್ಬಾಗುತ್ತದೆಯೇ ಎಂದರೆ, ಒಟ್ಟು ಕ್ಯಾಲೊರಿ ಮಿತಿ ಮೀರಿದರೆ ಯಾವುದರಿಂದಲಾದರೂ ಕೊಬ್ಬು ಕೂಡುತ್ತದೆ. ಪ್ರೋಟೀನಿನ ಒಂದು ಅನುಕೂಲವೆಂದರೆ ಅದನ್ನು ಅರಗಿಸಿಕೊಳ್ಳುವುದಕ್ಕೇ ಅದರ ಶಕ್ತಿಯ ಶೇಕಡ 20ರಿಂದ 30ರಷ್ಟು ವೆಚ್ಚವಾಗುತ್ತದೆ, ಹಸಿವೂ ಹೆಚ್ಚು ಹೊತ್ತು ತಣಿದಿರುತ್ತದೆ. ಪುಡಿಯ ವಿಷಯದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ 2024ರ ಆಹಾರ ಮಾರ್ಗಸೂಚಿಯಲ್ಲಿ ಅದು ಬೇಡವೆಂದು ಹೇಳಿದೆ, ನನ್ನ ಅಭಿಪ್ರಾಯವೂ ಅದೇ.

ಕೊನೆಯದಾಗಿ, ಸ್ನಾಯುವಿಗೆ ಕೆಲಸ ಕೊಡದೆ ಪ್ರೋಟೀನ್ ಮಾತ್ರ ಕೊಟ್ಟರೆ ಅರ್ಧ ಫಲ. ವಾರಕ್ಕೆ ಮೂರು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲದಂತೆ ಮೂರು ಆವರ್ತನ ಮಾಡಿ.

ಶಿಡ್ಲಘಟ್ಟ ರೇಷ್ಮೆ ಬೆಳೆಗಾರ:

ಮೇಲೆ ಬರೆದ ಮೇಡಂ ಅವರು ಹೇಳಿದ್ದು ನಮ್ಮ ಕಸುಬಿನಲ್ಲಿ ದಿನವೂ ಕಣ್ಣೆದುರಿಗೆ ನಡೆಯುತ್ತದೆ, ಆದ್ದರಿಂದ ಇಷ್ಟನ್ನು ಸೇರಿಸುತ್ತೇನೆ. ರೇಷ್ಮೆಯ ಎಳೆ ಎಂದರೆ ಅದು ಪ್ರೋಟೀನೇ, ಒಳಗಿನ ಎಳೆ ಫೈಬ್ರಾಯಿನ್, ಅದಕ್ಕೆ ಅಂಟಿಕೊಂಡ ಗೋಂದು ಸೆರಿಸಿನ್. ಹಿಪ್ಪುನೇರಳೆ ಸೊಪ್ಪಿನ ಪ್ರೋಟೀನನ್ನು ಒಡೆದು ಹುಳು ತನ್ನ ಎಳೆಯನ್ನು ಕಟ್ಟುತ್ತದೆ. ನಾಲ್ಕನೆಯ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ, ಎದ್ದ ಮೇಲೆ, ಹುಳು ತನ್ನ ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುದೊಡ್ಡ ಪಾಲನ್ನು ಆ ಏಳೆಂಟು ದಿನಗಳಲ್ಲಿಯೇ ತಿನ್ನುತ್ತದೆ. ಆಗ ಸೊಪ್ಪು ಬಲಿತು ಒರಟಾಗಿದ್ದರೆ ಅಥವಾ ಸಾಲದೆ ಹೋದರೆ ಹುಳು ಸಾಯದಿರಬಹುದು, ಗೂಡು ಕಟ್ಟಲು ಇಡುವ ತಟ್ಟೆಯಾದ ಚಂದ್ರಿಕೆಯನ್ನೂ ಏರಬಹುದು, ಆದರೆ ಗೂಡು ತೆಳುವಾಗಿ, ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಗಾತ್ರ ಸರಿಯಾಗಿಯೇ ಇರುತ್ತದೆ.

ಹುಳುವಿಗೂ ನಮಗೂ ಒಂದು ವ್ಯತ್ಯಾಸವಿದೆ. ಹುಳು ಎಳೆಗೆ ಬೇಕಾದ ಪ್ರೋಟೀನನ್ನು ತನ್ನ ರೇಷ್ಮೆ ಗ್ರಂಥಿಯಲ್ಲಿ ತುಂಬಿಟ್ಟುಕೊಂಡು, ಆಮೇಲೆ ಸೊಪ್ಪು ಮುಟ್ಟದೆಯೇ ಎರಡು ಮೂರು ದಿನ ಗೂಡು ಕಟ್ಟುತ್ತದೆ. ನಮಗೆ ಹಾಗೆ ತುಂಬಿಟ್ಟುಕೊಳ್ಳುವ ಜಾಗವಿಲ್ಲದ್ದರಿಂದ ಭಾನುವಾರ ಒಂದು ದಿನ ಕೋಳಿಸಾರು ತಿಂದು ಉಳಿದ ಆರು ದಿನ ತಿಳಿಸಾರಿನಲ್ಲಿ ಕಳೆದರೆ ಆಗುವುದಿಲ್ಲ. ನಮ್ಮ ಮನೆಯಲ್ಲಿ ಈ ತಪ್ಪು ಬಹಳ ವರ್ಷ ನಡೆದಿತ್ತು.

ಚಿಂತಾಮಣಿ ಗೃಹಿಣಿ:

ಮೇಡಂ, ಅಡುಗೆಮನೆಯ ಕಡೆಯಿಂದ ಒಂದು ಮಾತು. ನೀವು ಮುದ್ದೆ ಬಿಡುವ ಮೊದಲು ಏನು ತಿನ್ನುತ್ತಿದ್ದಿರಿ ಎಂಬುದನ್ನೂ ಒಮ್ಮೆ ನೆನಪಿಸಿಕೊಳ್ಳಿ. ನಮ್ಮ ಕಡೆ ಬಸ್ಸಾರು ಮಾಡುವಾಗ ಸೊಪ್ಪು ಕಾಳು ಬೇಯಿಸಿ, ಕಟ್ಟನ್ನು ಬಸಿದು, ಆ ಕಟ್ಟಿಗೆ ಖಾರ ಅರೆದು ಹಾಕಿ ಸಾರು ಮಾಡುತ್ತೇವೆ, ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇವೆ. ರುಚಿ ಕಟ್ಟಿನಲ್ಲಿರಬಹುದು, ಆದರೆ ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ನಾನು ಇಪ್ಪತ್ತು ವರ್ಷ ಪಲ್ಯವನ್ನು ಗಂಡಸರಿಗೆ, ಮಕ್ಕಳಿಗೆ ಬಡಿಸಿ, ಕೊನೆಯಲ್ಲಿ ಕುಳಿತು ಎರಡು ಮುದ್ದೆಯನ್ನು ಬರಿಯ ಸಾರಿನಲ್ಲಿ ಅದ್ದಿ ನುಂಗಿದೆ. ಹೊಟ್ಟೆ ತುಂಬಿತು, ತೂಕ ಏರಿತು, ಮಂಡಿಗೆ ಬಲ ಬರಲಿಲ್ಲ. ಈಗ ಬಡಿಸುವ ಮೊದಲೇ ನನ್ನ ಪಾಲಿನ ಒಂದು ಬಟ್ಟಲು ಪಲ್ಯವನ್ನು ತೆಗೆದಿಡುತ್ತೇನೆ, ಮುದ್ದೆ ಒಂದಕ್ಕೆ ನಿಲ್ಲಿಸಿದ್ದೇನೆ. ಇದನ್ನು ಹೇಳಿಕೊಳ್ಳಲು ನಮ್ಮ ಹೆಂಗಸರಿಗೆ ಸಂಕೋಚವಿರುತ್ತದೆ, ಆದರೆ ಇದನ್ನು ಹೇಳದೆ ಪ್ರೋಟೀನಿನ ಲೆಕ್ಕವನ್ನು ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ಮಾಡಿದರೆ ಸಿಪ್ಪೆ ಹೋಗುವುದರಿಂದ ವಯಸ್ಸಾದವರಿಗೂ ಸುಲಭವಾಗಿ ಅರಗುತ್ತದೆ. ಮೊಳಕೆ ಕಟ್ಟಿದರೆ ಪ್ರೋಟೀನ್ ಇಮ್ಮಡಿಯಾಗುತ್ತದೆ ಎಂದು ನಾನೂ ಕೇಳಿದ್ದೇನೆ, ಅದು ನಿಜವೇ ಎಂಬುದನ್ನು ತಜ್ಞೆಯವರು ತಿಳಿಸಬೇಕು.

ಬಂಗಾರಪೇಟೆ ಶಿಕ್ಷಕಿ:

ನಿಮ್ಮೆಲ್ಲರಿಗೂ ಹೃದಯಪೂರ್ವಕ ವಂದನೆಗಳು. ಚಿಂತಾಮಣಿಯ ಅಕ್ಕನವರು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ, ಏಕೆಂದರೆ ನಮ್ಮ ಮನೆಯಲ್ಲಿಯೂ ನಡೆದದ್ದು ಅದೇ. ನಾಳೆಯಿಂದ ಮುದ್ದೆ ಮತ್ತು ಕಾಳು ಎರಡನ್ನೂ ಅಳತೆಯಿಂದ ಆರಂಭಿಸುತ್ತೇನೆ. ಒಂದು ಸಂಶಯ ಉಳಿದಿದೆ. ನಮ್ಮ ಮಾವನವರಿಗೆ 71 ವರ್ಷ, ತೂಕ 60 ಕಿಲೋ, ಹಳೆಯ ಸಕ್ಕರೆ ಕಾಯಿಲೆಯಿದ್ದು, ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ 2.1ಕ್ಕೆ ಏರಿದೆ. ಮನೆಯಲ್ಲಿ ಎಲ್ಲರಿಗೂ ಒಂದೇ ಪಾತ್ರೆಯ ಅಡುಗೆ. ನಾನು ಕಾಳು ಹೆಚ್ಚಿಸಿದರೆ ಅವರಿಗೆ ತೊಂದರೆಯಾಗುವುದೇ?

ಕೋಲಾರ ಆಹಾರ ತಜ್ಞೆ:

ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ. ಅದಕ್ಕೂ ಮೊದಲು ಮೊಳಕೆಯ ವಿಷಯ: ಮೊಳಕೆ ಕಟ್ಟಿದಾಗ ಸಿ ಜೀವಸತ್ವ ಹೆಚ್ಚುತ್ತದೆ, ಕಬ್ಬಿಣಾಂಶವನ್ನು ತಡೆಯುವ ಫೈಟೇಟ್ ಕಡಿಮೆಯಾಗುತ್ತದೆ, ಆದರೆ ಪ್ರೋಟೀನ್ ಇಮ್ಮಡಿಯಾಗುವುದಿಲ್ಲ. ಕಾಳು ನೀರು ಕುಡಿದು ಉಬ್ಬಿರುವುದರಿಂದ 100 ಗ್ರಾಂ ಮೊಳಕೆಕಾಳಿನಲ್ಲಿ ಒಣಕಾಳಿಗಿಂತ ಕಡಿಮೆಯೇ ಇರುತ್ತದೆ. ಹುರುಳಿಯನ್ನು ಹಸಿಯಾಗಿ ತಿನ್ನದೆ ಚೆನ್ನಾಗಿ ಬೇಯಿಸಿ, ಪ್ರೋಟೀನ್ ಅರಗುವುದನ್ನು ತಡೆಯುವ ಟ್ರಿಪ್ಸಿನ್ ನಿರೋಧಕವು ಶಾಖದಿಂದ ಕುಗ್ಗುತ್ತದೆ.

ಮಾವನವರ ವಿಷಯದಲ್ಲಿ ನಿಮ್ಮ 60 ಗ್ರಾಂ ಲೆಕ್ಕವನ್ನು ದಯವಿಟ್ಟು ಬಳಸಬೇಡಿ. ಆರೋಗ್ಯವಂತ ಮೂತ್ರಪಿಂಡಕ್ಕೆ ನಾನು ಹೇಳಿದ ಪ್ರಮಾಣ ಹೊರೆಯಲ್ಲ, ಆದರೆ ಈಗಾಗಲೇ ಸೋತಿರುವ ಮೂತ್ರಪಿಂಡಕ್ಕೆ ಯೂರಿಯಾ ಹೊರಹಾಕುವುದೇ ಕಷ್ಟ. ಡಯಾಲಿಸಿಸ್ ಆರಂಭವಾಗದ ಇಂಥವರಿಗೆ ಸಾಮಾನ್ಯವಾಗಿ ಕಿಲೋಗೆ 0.6ರಿಂದ 0.8 ಗ್ರಾಂ ಹಿಡಿಯುತ್ತಾರೆ, ಮಾವನವರ ತೂಕಕ್ಕೆ ಅದು 36ರಿಂದ 48 ಗ್ರಾಂ. ಡಯಾಲಿಸಿಸ್ ಆರಂಭವಾದರೆ ಅಲ್ಲಿ ಪ್ರೋಟೀನ್ ನಷ್ಟವಾಗುವುದರಿಂದ ಅಗತ್ಯ ಮತ್ತೆ ಏರುತ್ತದೆ. ನಿಖರವಾದ ಪ್ರಮಾಣವನ್ನು ಅವರ ವೈದ್ಯರೇ ನಿರ್ಧರಿಸಬೇಕು. ಅವರನ್ನು ಪೂರ್ತಿ ಉಪವಾಸದಲ್ಲಿ ಇಡುವುದೂ ಅಪಾಯವೇ, ಆಗ ಅವರ ಸ್ನಾಯುವೇ ಕರಗಿ ಯೂರಿಯಾ ಏರುತ್ತದೆ.

ಪಾತ್ರೆ ಒಂದೇ ಇರಲಿ, ಬಡಿಸುವುದು ಬೇರೆಯಾಗಲಿ. ಪಲ್ಯದ ಕಾಳು ಅವರಿಗೆ ಕಡಿಮೆ, ನಿಮಗೆ ಹೆಚ್ಚು. ಆದರೆ ಕಾಳು ಕಡಿಮೆ ಮಾಡಿದೆನೆಂದು ಅವರಿಗೆ ಬಸ್ಸಾರಿನ ಕಟ್ಟನ್ನು ಧಾರಾಳವಾಗಿ ಸುರಿಯಬೇಡಿ. ಬೇಯಿಸಿದ ನೀರಿಗೆ ಸೊಪ್ಪು ಕಾಳಿನ ಪೊಟ್ಯಾಸಿಯಂ ಎಂಬ ಲವಣಾಂಶ ಬಿಟ್ಟುಕೊಂಡಿರುತ್ತದೆ, ಸೋತ ಮೂತ್ರಪಿಂಡಕ್ಕೆ ಅದನ್ನು ಹೊರಹಾಕುವುದೂ ಕಷ್ಟ. ಮುಂದಿನ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿದ್ದು ಕಂಡುಬಂದರೆ ಅವರ ಪಾಲಿನ ಸೊಪ್ಪನ್ನು ಬೇರೆಯಾಗಿ ಬೇಯಿಸಿ, ಆ ನೀರನ್ನು ಚೆಲ್ಲಿ, ಬರಿಯ ಪಲ್ಯ ಕೊಡಿ. ಮುಂದಿನ ಭೇಟಿಗೆ ಹೋಗುವಾಗ ಅವರು ಒಂದು ವಾರ ತಿಂದದ್ದನ್ನು ಬರೆದುಕೊಂಡು ಹೋದರೆ ವೈದ್ಯರಿಗೂ ಹೇಳುವುದು ಸುಲಭವಾಗುತ್ತದೆ.