ವಿಜಯಪುರದ ಬಾವಡಿ ಪಾಯಿಂಟ್ ಎಲ್ಲಾ ಒಂದ ಚುಕ್ಕಿ ಆಗಿ ಸಮುದ್ರದಾಗ ಕುಂತಾವ (ಕ್ಯೂಜಿಐಎಸ್ ಅನ್ನೋ ನಕಾಶೆ ಸಾಫ್ಟ್‌ವೇರ್)

ಬಾವಡಿ_ವಿಜಯಪುರ:
ನಮಸ್ಕಾರ್ರೀ ಎಲ್ಲಾರಿಗೂ. ಎಮ್ಮೆಸ್ಸಿ ಭೂಗೋಳ ಕಡೀ ಸೆಮಿಸ್ಟರ್, ಪ್ರಾಜೆಕ್ಟಿಗೆ ನಮ್ಮೂರ ಹಳೇ ಬಾವಡಿ (ಮೆಟ್ಟಲ ಬಾವಿ) ತಗೊಂಡೀನಿ. ತಾಜ್ ಬಾವಡಿ, ಚಾಂದ ಬಾವಡಿ ಎಲ್ಲಾರಿಗೂ ಗೊತ್ತು, ಆದ್ರ ಓಣಿ ಒಳಗ ಮನಿ ಹಿಂದ ಅರ್ಧ ಮುಚ್ಚಿ ಹೋಗಿದ್ದೂ ಭಾಳ ಅದಾವ, ನಾನೂ ನನ್ನ ಗೆಳತಿ ಕೂಡಿ ಬಿಸಲಾಗ ಅಡ್ಡಾಡಿ ಮೊಬೈಲ್ ಜಿಪಿಎಸ್ ಹಿಡದು 38 ಪಾಯಿಂಟ್ ತಗೊಂಡೀವಿ. ಒಂದೊಂದರ ಸುತ್ತ 500 ಮೀಟರ್ ಬಫರ್, ಅಂದ್ರ ಅಷ್ಟು ದೂರದ ವರ್ತುಲ, ಹಾಕಿ ಒಳಗ ಎಷ್ಟು ಮನಿ ಬರ್ತಾವ ನೋಡೋದದ. ಮೊದಲ ಸಲ ಬಫರಿಗೆ 500 ಕೊಟ್ರ ಇಡೀ ನಕಾಶೆನ ಮುಚ್ಚಿಬಿಡ್ತು, ಯೂನಿಟ್ ಡಿಗ್ರಿ ಅಂತ ಇತ್ತು. ಅದಕ್ಕ ಲೇಯರ್ ಮ್ಯಾಲ ರೈಟ್ ಕ್ಲಿಕ್ ಮಾಡಿ ಸೆಟ್ ಲೇಯರ್ ಸಿಆರ್‌ಎಸ್‌ದಾಗ 32643 ಕೊಟ್ಟೆ (ಸಿಆರ್‌ಎಸ್ ಅಂದ್ರ ಜಾಗದ ಅಂಕಿ ಯಾವ ಅಳತಿ ಪದ್ಧತಿಯೊಳಗ ಅದಾವ ಅನ್ನೋದು, 32643 ಅಂದ್ರ ಮೀಟರ್ ಲೆಕ್ಕದ ಯುಟಿಎಂ ಜೋನ್ 43). ಈಗ ಯೂನಿಟ್ ಮೀಟರ್ ಆಗ್ಯದ, ಆದ್ರ 38 ಪಾಯಿಂಟೂ ಒಂದ ಚುಕ್ಕಿ ಆಗಿ ಮಾಲ್ಡೀವ್ಸ್ ಪಶ್ಚಿಮಕ್ಕ ಸಮುದ್ರದಾಗ ಕುಂತಾವ. ಸೋಮವಾರ ಗೈಡ್ ಸರ್‌ಗೆ ತೋರಸಬೇಕ್ರೀ, ಯಾರರ ಹೇಳ್ರಿ.

ನಕಾಶೆ_ಬಾಗಲಕೋಟಿ:
ಹೆದರಬ್ಯಾಡ ತಂಗಿ, ಡೇಟಾ ಎಲ್ಲೂ ಹೋಗಿಲ್ಲ. ನೀ ಬದಲ ಮಾಡಿದ್ದು ಬರೇ ಹೆಸರು, ಅಂಕಿ ಹಂಗ ಅದಾವು. ಉತಾರದಾಗ 20 ಗುಂಟೆ ಇದ್ದದ್ದನ್ನ 20 ಎಕರೆ ಅಂತ ತಿದ್ದಿದಂಗ ಆತು, ಹೊಲ ಏನ್ ದೊಡ್ಡದಾಗಲ್ಲಲ್ಲ. ನಿನ್ನ ಪಾಯಿಂಟಿನಾಗ 75.72, 16.83 ಅಂತ ಡಿಗ್ರಿ ಐತಿ, 32643 ಅಂದ ಕೂಡ್ಲೆ ಸಾಫ್ಟ್‌ವೇರ್ ಅದನ್ನ 75 ಮೀಟರ್, 16 ಮೀಟರ್ ಅಂತ ಓದತೈತಿ. ಆ ಲೆಕ್ಕದಾಗ ಜಾಗ ಬರೋದು ಸಮಭಾಜಕ ವೃತ್ತದ ಮ್ಯಾಲ, 75 ಡಿಗ್ರಿ ರೇಖಾಂಶದಿಂದ ಸುಮಾರು 500 ಕಿಲೋಮೀಟರ್ ಪಶ್ಚಿಮಕ್ಕ. ಇಡೀ ಊರಿನ ಅಂತರ ಡಿಗ್ರಿಯೊಳಗ 0.05 ಆದ್ರ ಅದು ಈಗ 5 ಸೆಂಟಿಮೀಟರ್, ಅದಕ್ಕ ಎಲ್ಲಾ ಒಂದ ಚುಕ್ಕಿ ಕಾಣತಾವು.

ಮೊದ್ಲ ಸೆಟ್ ಲೇಯರ್ ಸಿಆರ್‌ಎಸ್‌ಗೆ ಹೋಗಿ ವಾಪಸ್ 4326, ಅಂದ್ರ ಡಿಗ್ರಿ ಲೆಕ್ಕದ್ದು, ಕೊಡು. ಆಮ್ಯಾಲ ಎಕ್ಸ್‌ಪೋರ್ಟ್, ಸೇವ್ ಫೀಚರ್ಸ್ ಆ್ಯಸ್, ಅಲ್ಲಿ 32643 ಆರಿಸಿ ಹೊಸ ಫೈಲ್ ಮಾಡು, ಬಫರ್ ಹೊಸದರ ಮ್ಯಾಲ ಹಾಕು. ಜೋನ್ ನೀ ಆರಿಸಿದ್ದು ಸರಿ ಐತಿ, 43 ಅಂದ್ರ 72ರಿಂದ 78 ಡಿಗ್ರಿ ಪೂರ್ವ, ಬೆಳಗಾವಿ ಬಾಗಲಕೋಟಿ ವಿಜಯಪುರ ಮೂರೂ ಅದರಾಗ ಬರತಾವು. ತಾಳೆ ನೋಡಾಕ ಗೋಳಗುಮ್ಮಟದ ಮ್ಯಾಲ ಕರ್ಸರ್ ಇಡು, ಹೊಸ ಪ್ರೊಜೆಕ್ಷನ್ನಿನಾಗ ಪೂರ್ವದ ಅಂಕಿ 5 ಲಕ್ಷ 78 ಸಾವಿರ, ಉತ್ತರದ್ದು 18 ಲಕ್ಷ 60 ಸಾವಿರದ ಆಸುಪಾಸು ಬರಬೇಕು.

ಬಾವಡಿ_ವಿಜಯಪುರ:
ಬಂತ್ರೀ ಅಣ್ಣಾ, ಭಾಳ ಉಪಕಾರ ಆತು! 29 ಪಾಯಿಂಟ್ ಓಣಿ ಓಣಿಗೆ ಸರಿಯಾಗಿ ಕುಂತಾವ. ಉಳಿದ 9 ಮಾತ್ರ ಜಮಖಂಡಿ ಕಡೆ ಹೊಂಟಾವ, ಅವು ಗೆಳತಿ ನೋಟ್‌ಬುಕ್‌ನಾಗ ಬರಕೊಂಡು ಬಂದಿದ್ದು, ನಾನ ಎಕ್ಸೆಲ್‌ದಾಗ ಟೈಪ್ ಮಾಡೀನಿ. 16.49, 75.43 ಹಿಂಗ ಅದಾವ.

ನಕಾಶೆ_ಬಾಗಲಕೋಟಿ:
ಆಕಿ ಬರದಿದ್ದು 16 ಡಿಗ್ರಿ 49 ನಿಮಿಷ, ನೀ ಅದನ್ನ ಪಾಯಿಂಟ್ 49 ಮಾಡೀದಿ. ನಿಮಿಷನ 60ರಿಂದ ಭಾಗಿಸಬೇಕು, 49 ಅಂದ್ರ 0.8167. ಇದರಿಂದ ದಕ್ಷಿಣಕ್ಕ 36 ಕಿಲೋಮೀಟರ್, ಪಶ್ಚಿಮಕ್ಕ 30 ಕಿಲೋಮೀಟರ್ ಸರದಾವು ನೋಡು. ಇನ್ನೊಂದು ಭಾಳ ಮುಖ್ಯ ಐತಿ, ನೋಟ್‌ಬುಕ್‌ನಾಗ ಸೆಕೆಂಡ್ ಅದಾವೇನು? ಒಂದು ನಿಮಿಷ ಅಂದ್ರ ಹೆಚ್ಚುಕಡಿಮಿ 1.8 ಕಿಲೋಮೀಟರ್, ಒಂದು ಸೆಕೆಂಡ್ 30 ಮೀಟರ್. ಸೆಕೆಂಡ್ ಇಲ್ಲದ ಪಾಯಿಂಟಿಗೆ 500 ಮೀಟರ್ ಬಫರ್ ಹಾಕಿದ್ರ ಅದು ಯಾವ ಓಣಿ ಲೆಕ್ಕಾನೋ ಆಗತೈತಿ. ಊರಾಗ ಬಿದ್ದೈತಿ ಅಂತ ಹಂಗ ಬಿಡಬ್ಯಾಡ.

ಬಾವಡಿ_ವಿಜಯಪುರ:
ನೋಟ್‌ಬುಕ್ ತರಿಸಿ ನೋಡಿದೆರೀ. 6ಕ್ಕ ಸೆಕೆಂಡ್ ಅದಾವ, ನಿಮಿಷನ 60ರಿಂದ ಸೆಕೆಂಡ್‌ನ 3600ರಿಂದ ಭಾಗಿಸಿ ಕೂಡಿಸಿ ಹಾಕಿದೆ, ಸರಿ ಬಂದಾವ. 3ಕ್ಕ ಇಲ್ಲ. ನಾಳೆ ಬೆಳಿಗ್ಗೆ ಬಿಸಲ ಏರೋದ್ರೊಳಗ ಇಬ್ರೂ ಹೋಗಿ ಆ ಮೂರು ಮತ್ತ ತಗೊಂಡ ಬರ್ತೀವಿ.