ಸಹಾಯ ಬೇಕು: ಪೆನ್ ತಾಗಿಸಿದರೆ ಸ್ಲೈಡ್ ಮುಂದೆ ಓಡುತ್ತದೆ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಕಾಳಿ ನದಿಯ ಬಗ್ಗೆ ಪವರ್‌ಪಾಯಿಂಟ್‌ನಲ್ಲಿ ಅನಿಮೇಶನ್ ಹಾಕಿದ್ದೇನೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಒಂದೊಂದಾಗಿ ಬಂದು, ಕೊನೆಗೆ ನದಿ ಸದಾಶಿವಗಡದ ಹತ್ತಿರ ಸಮುದ್ರ ಸೇರುತ್ತದೆ. ಕಂಪ್ಯೂಟರ್‌ಗೆ ಜೋಡಿಸಿದ ಡ್ರಾಯಿಂಗ್ ಟ್ಯಾಬ್ಲೆಟ್‌ನ ಪೆನ್ನಿನಲ್ಲಿ ಅದರ ಮೇಲೆ ಗೆರೆ ಎಳೆಯೋಣ ಅಂದರೆ, ಪೆನ್ ತಾಗಿದ ಕೂಡಲೇ ಮುಂದಿನ ಅಣೆಕಟ್ಟು ಬಂದುಬಿಡುತ್ತದೆ!

ಕಂಟ್ರೋಲ್ ಜೊತೆ ಪಿ ಒತ್ತಿದರೆ ಬರೆಯಲು ಬರುತ್ತದೆ, ನಿಜ. ಆದರೆ ಆಗ ಪೆನ್ನಿನಿಂದ ಅನಿಮೇಶನ್ ಮುಂದೆ ಹೋಗುವುದಿಲ್ಲ. ಪ್ರತಿ ಸಲ ಕೀಬೋರ್ಡ್‌ನಲ್ಲಿ ಬಾಣದ ಕೀ ಹುಡುಕಬೇಕು. ನನ್ನ ಕೈ ಅಲ್ಲಿಗೆ ಹೋದರೆ ಮಕ್ಕಳ ಗಮನವೂ ಅಲ್ಲಿಗೇ ಹೋಗುತ್ತದೆ, ಅಲ್ವಾ?

ಟ್ಯಾಬ್ಲೆಟ್ ಅಂಚಿನ ಒಂದು ಬಟನ್‌ಗೆ ಪೇಜ್ ಡೌನ್, ಇನ್ನೊಂದಕ್ಕೆ ಕಂಟ್ರೋಲ್ ಪಿ ಕೊಟ್ಟು ಪಾಠ ಮಾಡಿದವರು ಯಾರಾದರೂ ಇದ್ದೀರಾ? ಅದನ್ನು ಟ್ಯಾಬ್ಲೆಟ್ ನಡೆಸುವ ಸಾಫ್ಟ್‌ವೇರ್‌ನಲ್ಲಿ (ಡ್ರೈವರ್) ಎಲ್ಲಿ ಹೊಂದಿಸಬೇಕು? ಸೋಮವಾರವೇ ಕ್ಲಾಸ್ ಇದೆ, ದಯವಿಟ್ಟು ತಿಳಿಸಿ.