1939ರ ಸೆಪ್ಟೆಂಬರ್ 3, ಲಂಡನ್ನಿನ ಒಂದು ಮನೆ: ನಾಟಕದಲ್ಲಿ ಏನಿರಬೇಕು, ಏನಿರಬಾರದು?

ರಂಗಪರಿಕರ_ಮೈಸೂರು

ಮೈಸೂರಿನ ಹವ್ಯಾಸಿ ತಂಡವೊಂದು 50 ನಿಮಿಷದ ಕನ್ನಡ ನಾಟಕ ಕಟ್ಟುತ್ತಿದೆ. ಕಥೆ ನಡೆಯೋದು ಎರಡನೇ ಮಹಾಯುದ್ಧ ಘೋಷಣೆಯಾದ ಭಾನುವಾರ, ಬೆಳಿಗ್ಗೆ 9ರಿಂದ 12ರವರೆಗೆ, ಲಂಡನ್ನಿನ ಒಂದು ಸಾಧಾರಣ ಮನೆಯ ಅಡುಗೆಮನೆಯಲ್ಲಿ. ಪಾತ್ರಗಳು ಐದು: ತಂದೆ, ತಾಯಿ, 8 ವರ್ಷದ ಮಗಳು, ಒಂದು ವರ್ಷದ ಕೂಸು, ತಾಯಿಯ ತಮ್ಮ. ತಮ್ಮನಿಗೆ 22 ವರ್ಷ, ಟೆರಿಟೋರಿಯಲ್, ಅಂದರೆ ಅರೆಕಾಲಿಕ ಸೈನಿಕ.

ಈಗಿನ ಸ್ಕ್ರಿಪ್ಟ್‌ನಲ್ಲಿ ಇರೋದು: ಬಾಗಿಲು ಕಿಟಕಿ ಮುಚ್ಚಿದ ಕತ್ತಲೆ ಮನೆ, ಗೋಡೆ ಮೇಲೆ ‘ಕೀಪ್ ಕಾಮ್ ಅಂಡ್ ಕ್ಯಾರಿ ಆನ್’ ಪೋಸ್ಟರ್, ರೇಷನ್ ಪುಸ್ತಕ ಹಿಡಿದು ಸಕ್ಕರೆ ಅಳೆಯುವ ತಾಯಿ, ಬಂದೂಕು ಹೊತ್ತು ವಿದಾಯ ಹೇಳಲು ಬರುವ ತಮ್ಮ, ಕೊನೆಗೆ ಸೈರನ್ ಮತ್ತು ಬಾಂಬಿನ ಸದ್ದು. ಇದರಲ್ಲಿ ಆ ದಿನಕ್ಕೆ ಯಾವುದು ಹೊಂದುತ್ತೆ? ಗ್ಯಾಸ್ ಮಾಸ್ಕ್, ಕಿಟಕಿಯ ಕಪ್ಪು ಪರದೆ ಮಾಡೋದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಳೇ_ಪತ್ರಿಕೆ

ಮೊದಲು ತೆಗೆಯಬೇಕಾದ್ದು ಬಾಂಬಿನ ಸದ್ದು. ಲಂಡನ್ನಿನ ಮೇಲೆ ಬಿಡದೆ ಬಾಂಬ್ ಬೀಳಲು ಶುರುವಾಗಿದ್ದು 1940ರ ಸೆಪ್ಟೆಂಬರ್ 7ರಿಂದ, ಅಂದರೆ ಪೂರಾ ಒಂದು ವರ್ಷ ಆದ ಮೇಲೆ. ಸೈರನ್ ಮಾತ್ರ ನಿಜ. ಪ್ರಧಾನಿ ಚೇಂಬರ್ಲೇನ್ ರೇಡಿಯೋದಲ್ಲಿ ಮಾತಾಡಿದ್ದು 11:15ಕ್ಕೆ. ಸೈರನ್ ಕೂಗಿದ್ದು 11:27ರ ಹೊತ್ತಿಗೆ. ಬಂದಿದ್ದು ಫ್ರಾನ್ಸಿನ ಕಡೆಯ ಒಂದು ವಿಮಾನ, ಶತ್ರುವಲ್ಲ. ಆದರೆ ಮನೆಯೊಳಗಿದ್ದವರಿಗೆ ಅದು ಹೇಗೆ ಗೊತ್ತಾಗಬೇಕು? ಭಾಷಣ ಮುಗಿದ ಹತ್ತು ನಿಮಿಷದೊಳಗೆ ಸೈರನ್ ಬಂದರೆ, ವಿಷಾನಿಲ ಈಗಲೇ ಬೀಳುತ್ತೆ ಅಂತಲೇ ಎಲ್ಲರೂ ನಂಬಿದ್ದರು. ಬಾಂಬಿಗಿಂತ ಆ ನಂಬಿಕೆಯೇ ನಿಮ್ಮ ನಾಟಕಕ್ಕೆ ಹೆಚ್ಚು ಬಲ ಕೊಡುತ್ತೆ.

ಬೆಳಗಿನ ಗಡಿಯಾರ ಹೀಗೆ: 9ಕ್ಕೆ ಬರ್ಲಿನ್ನಿನಲ್ಲಿ ಬ್ರಿಟನ್ನಿನ ಗಡುವಿನ ಪತ್ರ ತಲುಪುತ್ತೆ, 11ಕ್ಕೆ ಗಡುವು ಮುಗಿಯುತ್ತೆ, 11:15ಕ್ಕೆ ಭಾಷಣ. ಅದರ ಬೆನ್ನಿಗೇ ಸರ್ಕಾರಿ ಪ್ರಕಟಣೆಗಳು: ಸಿನಿಮಾ, ನಾಟಕಶಾಲೆ ಬಂದ್, ಎಲ್ಲಿ ಹೋದರೂ ಗ್ಯಾಸ್ ಮಾಸ್ಕ್ ಜೊತೆಗಿರಲಿ, ಇತ್ಯಾದಿ. ದೊರೆ ಆರನೇ ಜಾರ್ಜ್ ಮಾತಾಡಿದ್ದು ಸಂಜೆ 6ಕ್ಕೆ, ಅದು ನಿಮ್ಮ ಅವಧಿಯಾಚೆ. ತಂದೆಯ ಬಾಯಲ್ಲಿ ‘ಪ್ರಧಾನಿ ಚರ್ಚಿಲ್’ ಅಂತ ಬಂದಿದ್ದರೆ ಹೊಡೆದುಹಾಕಿ. ಚರ್ಚಿಲ್ ಅವತ್ತು ನೌಕಾಖಾತೆಗೆ ಮರಳಿದರು, ಪ್ರಧಾನಿಯಾಗಿದ್ದು 1940ರ ಮೇ 10ರಂದು.

ರೇಷನ್ ಪುಸ್ತಕ ಬೇಡ. ಆಹಾರದ ರೇಷನ್ ಶುರುವಾಗಿದ್ದು 1940ರ ಜನವರಿ 8ಕ್ಕೆ, ಮೊದಲು ಬಂದದ್ದು ಬೇಕನ್, ಬೆಣ್ಣೆ, ಸಕ್ಕರೆ. ಆಗಲೂ ತಲೆಗೆ ವಾರಕ್ಕೆ 12 ಔನ್ಸ್ ಸಕ್ಕರೆ, ಅಂದರೆ ಸುಮಾರು 340 ಗ್ರಾಂ ಇತ್ತು. ಸೆಪ್ಟೆಂಬರ್ 3ರ ಅಡುಗೆಮನೆಯಲ್ಲಿ ಬೆಣ್ಣೆ, ಸಕ್ಕರೆ ಕಣ್ಣಿಗೆ ಕಾಣುವಂತೆ ಇಡಿ. ಗುರುತಿನ ಚೀಟಿಯೂ ಇರಬಾರದು, ಅದಕ್ಕಾಗಿ ಜನರ ನೋಂದಣಿ ನಡೆದಿದ್ದು ಸೆಪ್ಟೆಂಬರ್ 29ಕ್ಕೆ.

ಪೋಸ್ಟರಂತೂ ಖಂಡಿತ ಬೇಡ. ಅದನ್ನು 24 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚು ಹಾಕಿ ಗೋದಾಮಿನಲ್ಲಿಟ್ಟರು, ಜನರ ಕಣ್ಣಿಗೆ ಬಿದ್ದಿದ್ದು ಇಲ್ಲವೆನ್ನುವಷ್ಟು ಕಡಿಮೆ. ಇವತ್ತು ಅದು ಟೀ ಕಪ್ಪಿನ ಮೇಲೆಲ್ಲ ಇರೋದರಿಂದ ಎಲ್ಲರೂ ಇದೇ ತಪ್ಪು ಮಾಡ್ತಾರೆ.

ಮಾಸ್ಕ್_ಮತ್ತು_ಮದ್ದು

ಗ್ಯಾಸ್ ಮಾಸ್ಕ್ ಬಗ್ಗೆ ಎಲ್ಲಕ್ಕಿಂತ ಮುಖ್ಯವಾದ ಮಾತು: ಆನ್‌ಲೈನ್‌ನಲ್ಲಿ ಸಿಗುವ ಆ ಕಾಲದ ಅಸಲಿ ಮಾಸ್ಕ್ ತರಿಸಿ ನಟರ ಮುಖಕ್ಕೆ ಹಾಕಬೇಡಿ. ಅವುಗಳ ಸೋಸುಡಬ್ಬದಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತೆ. ಹಳೆಯದಾಗಿ ಪುಡಿಯಾಗಿದ್ದರೆ ಪ್ರತಿ ಉಸಿರಿಗೂ ಎಳೆ ಒಳಗೆ ಹೋಗುತ್ತೆ. ತಾಲೀಮಿನಲ್ಲಿ ಒಂದೇ ಸಲ ಅಂತಲೂ ಬೇಡ.

ಮಾಡಿಕೊಳ್ಳೋದು ಕಷ್ಟವಲ್ಲ. ನಾಗರಿಕರ ಮಾಸ್ಕ್ ಅಂದರೆ ತೆಳು ಕಪ್ಪು ರಬ್ಬರಿನ ಮುಖಗವಸು, ಎರಡು ಕಣ್ಣಿಗೂ ಸೇರಿ ಒಂದೇ ಪಾರದರ್ಶಕ ಕಿಟಕಿ, ಬಾಯಿಯ ಮುಂದೆ ಗಿಡ್ಡನೆಯ ತಗಡಿನ ಡಬ್ಬ, ತಲೆ ಹಿಂದೆ ಪಟ್ಟಿಗಳು. ಎರಡು ದುಂಡು ಕಣ್ಣಿನದು ಬೇರೆ ಮಾದರಿ, ಸೈನಿಕರು ಮತ್ತು ವಾಯುದಾಳಿ ಕಾವಲಿನ ವಾರ್ಡನ್‌ಗಳದ್ದು. ಕಪ್ಪು ಫೋಮ್ ಶೀಟ್ ಕತ್ತರಿಸಿ, ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಹಾಳೆ ಅಂಟಿಸಿ, ಚಿಕ್ಕ ತಗಡಿನ ಡಬ್ಬದ ತಳಕ್ಕೂ ಬದಿಗೂ ಧಾರಾಳವಾಗಿ ತೂತು ಹೊಡೆಯಿರಿ. ಗದ್ದದ ಹತ್ತಿರ ಎರಡು ಬೆರಳಷ್ಟು ಸಂದು ಬಿಡಿ, ಇಲ್ಲದಿದ್ದರೆ ಲೈಟಿನ ಶಾಖಕ್ಕೆ ನಟರಿಗೆ ತಲೆ ಸುತ್ತುತ್ತೆ.

ಹಾಕುವ ಕ್ರಮವನ್ನು ಜನ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು, ಯುದ್ಧ ಇನ್ನೇನು ಶುರುವಾಗುತ್ತೆ ಅನ್ನಿಸಿದ್ದ 1938ರ ಮ್ಯೂನಿಕ್ ಬಿಕ್ಕಟ್ಟಿನ ಹೊತ್ತಿಗೇ 3 ಕೋಟಿ 80 ಲಕ್ಷದಷ್ಟು ಮಾಸ್ಕ್ ಹಂಚಿದ್ದರು. ಹಾಗಾಗಿ ತಡಬಡಿಸುವ ನಟನೆ ಬೇಡ, ಕೈಗೆ ಪಳಗಿದ ಕೆಲಸದಂತೆ ಇರಲಿ. ಉಸಿರು ಬಿಗಿಹಿಡಿ, ಪಟ್ಟಿಗಳೊಳಗೆ ಹೆಬ್ಬೆರಳು ಹಾಕಿ ಹಿಡಿ, ಮೊದಲು ಗದ್ದ ಒಳಗೆ ತಳ್ಳು, ಆಮೇಲೆ ಪಟ್ಟಿ ತಲೆ ಮೇಲೆ ಎಳೆ. ಸರಿಯಾಗಿ ಕೂತಿದೆಯಾ ನೋಡಲು ಡಬ್ಬದ ಬಾಯಿಗೆ ರಟ್ಟಿನ ತುಂಡು ಅದುಮಿ ಉಸಿರೆಳೆದರೆ ರಬ್ಬರು ಮುಖಕ್ಕೆ ಅಂಟಿಕೊಳ್ಳಬೇಕು. ತಾಯಿ ಮಗಳ ಮಾಸ್ಕನ್ನು ಹೀಗೆ ಪರೀಕ್ಷಿಸಲಿ, ಒಂದು ಮಾತೂ ಬೇಕಿಲ್ಲ. ಕಿಟಕಿ ಮಂಜಾಗದಿರಲು ಒಳಗಡೆ ಸೋಪು ಸವರುತ್ತಿದ್ದರು. ಬಿಟ್ಟ ಉಸಿರು ಕೆನ್ನೆಯ ಪಕ್ಕದಿಂದ ರಬ್ಬರನ್ನು ನಡುಗಿಸಿಕೊಂಡು ಹೊರಗೆ ಬರುತ್ತಿದ್ದರಿಂದ ಪುರ್ ಅಂತ ಸದ್ದಾಗುತ್ತಿತ್ತು. ಮಾತು ಸ್ಪಷ್ಟವಾಗಿ ಕೇಳಿಸಲ್ಲ. ಮಾಸ್ಕ್ ಹಾಕಿಕೊಂಡೇ ಹೇಳುವ ಸಂಭಾಷಣೆ ಇದ್ದರೆ ಅದನ್ನು ಮೊದಲೇ ಹೇಳಿಸಿ ಮುಗಿಸಿ.

ಮಗಳಿಗೆ ಕೆಂಪು ಬಣ್ಣದ ‘ಮಿಕ್ಕಿ ಮೌಸ್’ ಮಾಸ್ಕ್ ಕೊಡಬೇಡಿ, ಅದು ಶಾಲೆಗೆ ಹೋಗದ ಪುಟ್ಟ ಮಕ್ಕಳದ್ದು. ಎಂಟು ವರ್ಷದವಳಿಗೆ ದೊಡ್ಡವರದ್ದೇ ಮಾದರಿಯ ಚಿಕ್ಕ ಅಳತೆ. ಕೂಸಿಗೆ ಮಾಸ್ಕ್ ಅಲ್ಲ, ಸೊಂಟದವರೆಗೂ ಒಳಗೆ ಕೂರಿಸುವ ದೊಡ್ಡ ಶಿರಸ್ತ್ರಾಣ. ಪಕ್ಕದಲ್ಲಿ ತಿದಿಯಂಥ ಪಂಪು ಇರುತ್ತೆ, ತಾಯಿ ಬಿಡದೆ ಒತ್ತುತ್ತಾ ಇರಬೇಕು. ಕೈ ನಿಂತರೆ ಗಾಳಿಯೂ ನಿಂತಿತು. ರಂಗದ ಮೇಲೆ ಇದಕ್ಕಿಂತ ಎದೆ ಹಿಂಡುವ ವಸ್ತು ನಿಮಗೆ ಸಿಗಲ್ಲ. ಒಳಗೆ ಗೊಂಬೆಯೇ ಇರಲಿ, ನಿಜವಾದ ಮಗು ಬೇಡ.

ಮಾಸ್ಕ್ ಇಡೋದು ರಟ್ಟಿನ ಚೌಕ ಡಬ್ಬದಲ್ಲಿ, ಹೆಗಲಿಗೆ ಹುರಿ ಕಟ್ಟಿ.

ಖಾಕಿ_303

ತಮ್ಮನ ಪಾತ್ರದಲ್ಲಿ ಬುಡದಲ್ಲೇ ತೊಡಕಿದೆ. ಟೆರಿಟೋರಿಯಲ್ ಸೇನೆಯನ್ನು ಸೆಪ್ಟೆಂಬರ್ 1ಕ್ಕೇ ಪೂರ್ತಿ ಕರೆಸಿಕೊಂಡಿದ್ದರು. ವಿಮಾನವಿರೋಧಿ ತೋಪಿನ ದಳಗಳು ಆಗಸ್ಟ್ ಕೊನೆಯಲ್ಲೇ ಹೋಗಿದ್ದವು. ಮೂರನೇ ತಾರೀಕು ಬೆಳಿಗ್ಗೆ ಅವನು ಅಕ್ಕನ ಮನೆಯಲ್ಲಿ ಟೀ ಕುಡಿಯುತ್ತಿರೋದು ನಂಬುವ ಮಾತಲ್ಲ. ಬಂದೂಕು ಮನೆಗೆ ತರೋದಂತೂ ದೂರದ ಮಾತು.

ನನ್ನ ಸಲಹೆ, ಅವನನ್ನು ಇನ್ನೂ ಸೇನೆ ಸೇರದ ಹುಡುಗನನ್ನಾಗಿ ಮಾಡಿ. ಅದೇ ದಿನ ಸಂಸತ್ತು 18ರಿಂದ 41ರ ಗಂಡಸರನ್ನು ಸೇನೆಗೆ ಕರೆಯುವ ಕಾಯ್ದೆ ಪಾಸು ಮಾಡಿತು. ಆದರೆ 20 ತುಂಬಿ 21 ಆಗದವನಾಗಿದ್ದರೆ ಜೂನ್‌ನಲ್ಲೇ ನೋಂದಣಿಯಾಗಿ ಶಿಬಿರದ ಸರದಿ ಬಂದಿರುತ್ತಿತ್ತು, ಆದ್ದರಿಂದ 22 ವಯಸ್ಸನ್ನು ಹಾಗೇ ಉಳಿಸಿ. ಕರೆ ಯಾವಾಗ ಬರುತ್ತೋ ಗೊತ್ತಿಲ್ಲ, ಬರೋದಂತೂ ಖಚಿತ. ಅವನನ್ನು ಬೀದಿಯ ಎ.ಆರ್.ಪಿ. (ವಾಯುದಾಳಿ ಮುನ್ನೆಚ್ಚರಿಕೆ) ವಾರ್ಡನ್ ಮಾಡಿದರೆ ಸೈರನ್ ದೃಶ್ಯಕ್ಕೂ ಕಾರಣ ಸಿಗುತ್ತೆ. ಸಮವಸ್ತ್ರ ಹೊಲಿಸುವ ಖರ್ಚೂ ಇಲ್ಲ: ಮಾಮೂಲಿ ಕೋಟು, ಬೆಳ್ಳಿಬಣ್ಣದ ಬಿಲ್ಲೆ, ತೋಳುಪಟ್ಟಿ, ಉಕ್ಕಿನ ಟೋಪಿ, ಸೀಟಿ.

ಸೈನಿಕ ಬೇಕೇಬೇಕು ಅಂದರೆ ಫೋಟೋದಲ್ಲಿ ತೋರಿಸಿ. ಟೆರಿಟೋರಿಯಲ್‌ಗಳಲ್ಲಿ ಎಷ್ಟೋ ಜನಕ್ಕೆ ಆಗಿನ್ನೂ ‘ಬ್ಯಾಟಲ್‌ಡ್ರೆಸ್’ ಅನ್ನುವ ಹೊಸ ಸಮವಸ್ತ್ರ ಸಿಕ್ಕಿರಲಿಲ್ಲ. ಹಿತ್ತಾಳೆ ಗುಂಡಿಯ ಉದ್ದ ಉಣ್ಣೆ ಕೋಟು, ಕಾಲಿಗೆ ಸುತ್ತಿದ ಪಟ್ಟಿ, ಮೊದಲ ಮಹಾಯುದ್ಧದವರಂತೆಯೇ ಕಾಣುತ್ತಿದ್ದರು. ಎನ್‌ಸಿಸಿ ಖಾಕಿ ಬಳಸಬೇಡಿ, ಅದು ಹತ್ತಿಯದು, ಹಳದಿ ಹೊಡೆಯುತ್ತೆ. ಇವರದ್ದು ಹಸಿರುಮಿಶ್ರಿತ ಕಂದು. ಕೈಯಲ್ಲಿ ಬಂದೂಕಿದ್ದರೆ ನಳಿಗೆ ಮರದ ಮೂತಿಗೆ ಸಮನಾಗಿ ಮೊಟಕಾಗಿ ಮುಗಿಯುವ ಹಳೇ ಲೀ-ಎನ್‌ಫೀಲ್ಡ್ ಇರಬೇಕು. ನಳಿಗೆ ಮುಂದಕ್ಕೆ ಚಾಚಿರೋದು ಆಮೇಲೆ ಬಂದ ನಾಲ್ಕನೇ ನಂಬರಿನದು.

ರಂಗಪರಿಕರ_ಮೈಸೂರು

ತುಂಬಾ ಉಪಕಾರವಾಯ್ತು. ತಮ್ಮ ಇನ್ನು ವಾರ್ಡನ್. ಉಳಿದ ಅನುಮಾನ ಮೂರು. ಮಕ್ಕಳನ್ನು ಊರು ಬಿಡಿಸಿ ಕಳಿಸಿದ್ದರಲ್ಲ, ಮಗಳು ಮನೆಯಲ್ಲಿ ಇರಬಹುದಾ? ಕಪ್ಪು ಪರದೆ ಹೇಗೆ? ಸೈರನ್ ಕೂಗಿದಾಗ ಇವರು ಹೋಗೋದು ಎಲ್ಲಿಗೆ?

ಮಂಡ್ಯ_ತಗಡು

ಇರಬಹುದು. ಸ್ಥಳಾಂತರ ಸೆಪ್ಟೆಂಬರ್ 1ಕ್ಕೆ ಶುರುವಾಯಿತು, ಮೊದಲ ಮೂರು ದಿನದಲ್ಲೇ ಸುಮಾರು 15 ಲಕ್ಷ ಜನ ಹೊರಟರು. ಆದರೆ ಕಡ್ಡಾಯವಲ್ಲ, ಎಷ್ಟೋ ತಾಯಂದಿರು ಕಳಿಸಲು ಒಪ್ಪಲಿಲ್ಲ. ಕೋಟಿಗೆ ಹೆಸರಿನ ಚೀಟಿ ಹೊಲಿದು, ಟವೆಲ್, ಬಾಚಣಿಗೆ, ಬದಲಿ ಒಳಉಡುಪು, ಒಂದು ದಿನದ ಬುತ್ತಿ ಕಟ್ಟಿಟ್ಟ ಚೀಲ ಬಾಗಿಲ ಬಳಿ ಇಡಿ. ಶುಕ್ರವಾರ ಕಳಿಸಬೇಕಿದ್ದ ಮಗಳನ್ನು ಉಳಿಸಿಕೊಂಡಿದ್ದಾಳೆ ಅಂತ ಪ್ರೇಕ್ಷಕರಿಗೆ ತಾನಾಗೇ ತಿಳಿಯುತ್ತೆ.

ಬ್ಲ್ಯಾಕ್ಔಟ್, ಅಂದರೆ ಬೆಳಕು ಹೊರಗೆ ಕಾಣದಂತೆ ಮುಚ್ಚುವ ನಿಯಮ, ಇದ್ದದ್ದು ಸೂರ್ಯ ಮುಳುಗಿದ ಮೇಲೆ. ಬೆಳಿಗ್ಗೆ 9ಕ್ಕೆ ಕಿಟಕಿ ಮುಚ್ಚಿದ್ದರೆ ತಪ್ಪು, ಅವತ್ತು ಲಂಡನ್ನಿನಲ್ಲಿ ಒಳ್ಳೆ ಬಿಸಿಲು. ರಂಗದ ಮೇಲೆ ಬೆಳಕು ಚೆಲ್ಲಿ. ನಿಯಮ ಬಂದು ಎರಡೇ ರಾತ್ರಿ ಕಳೆದಿದೆ, ತಂದೆ ಇನ್ನೂ ಚೌಕಟ್ಟು ಹೊಡೆಯುತ್ತಾ ಇರಲಿ. ಒಂದಿಂಚು ರೀಪಿನಲ್ಲಿ ಕಿಟಕಿಗಿಂತ ನಾಲ್ಕೂ ಕಡೆ ಎರಡಿಂಚು ದೊಡ್ಡ ಚೌಕಟ್ಟು, ಅದಕ್ಕೆ ಕಪ್ಪು ಕಾಗದ ಎಳೆದು ಡ್ರಾಯಿಂಗ್ ಪಿನ್. ಮೂಲೆಗೆ ಅಡ್ಡ ರೀಪು ಕೊಡದಿದ್ದರೆ ಚೌಕಟ್ಟು ತಿರುಚಿಕೊಂಡು ಕಾಗದ ಹರಿಯುತ್ತೆ. ಬೆಳಕು ಸೋರೋದು ಯಾವಾಗಲೂ ಅಂಚಿನಲ್ಲೇ, ಅದಕ್ಕೇ ವಾರ್ಡನ್ ಬಾಗಿಲು ತಟ್ಟುತ್ತಿದ್ದದ್ದು. ಗಾಜು ಸಿಡಿಯದಿರಲು ಕಾಗದದ ಪಟ್ಟಿಯನ್ನು ಅಡ್ಡಡ್ಡ ಅಂಟಿಸಿ.

ಹೋಗೋದು ಹಿತ್ತಲಿನ ಆಂಡರ್ಸನ್ ಶೆಲ್ಟರಿಗೆ. ನಮ್ಮ ಕಡೆ ಜಿಂಕ್ ಶೀಟ್ ಅಂತೀವಲ್ಲ, ಅಂಥ ಅಲೆಯ ತಗಡಿನ ಆರು ಬಾಗಿದ ಹಾಳೆಗಳನ್ನು ಮೇಲೆ ಸೇರಿಸಿ ಬೋಲ್ಟ್ ಹಾಕಿದರೆ ಕಮಾನು ಗಾಡಿಯ ಆಕಾರ. ಉದ್ದ ಆರೂವರೆ ಅಡಿ, ಅಗಲ ನಾಲ್ಕೂವರೆ, ಎತ್ತರ ಆರು. ನಾಲ್ಕಡಿ ನೆಲದಲ್ಲಿ ಹೂತು ಮೇಲೆ ಕನಿಷ್ಠ 15 ಇಂಚು ಮಣ್ಣು. ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ಆದಾಯದವರಿಗೆ ಪುಕ್ಕಟೆ, ಉಳಿದವರಿಗೆ 7 ಪೌಂಡ್. ಗುಂಡಿಯಾದ್ದರಿಂದ ಒಳಗೆ ನೀರು ನಿಲ್ಲುತ್ತಿತ್ತು. ರಂಗದ ಮೇಲೆ ಕಟ್ಟೋದು ಬೇಡ, ಹಿಂಬಾಗಿಲ ಆಚೆ ತಗಡಿನ ಅಂಚೊಂದು ಕಂಡರೆ ಸಾಕು. ಮೇಜಿನಂಥ ಪಂಜರದ ಶೆಲ್ಟರ್ ಬಂದಿದ್ದು 1941ರಲ್ಲಿ, ಅದನ್ನು ತರಬೇಡಿ.

ಹೊರಡುವ ಮುಂಚೆ ತಾಯಿ ಗ್ಯಾಸಿನ ಮೇನ್ ತಿರುವಿ ಮುಚ್ಚಲಿ, ಅದು ಸರ್ಕಾರದ ಸೂಚನೆಯಲ್ಲೇ ಇತ್ತು.

ಸೌಂಡ್ ನೋಡಿಕೊಳ್ಳುವವರಿಗೆ ಒಂದು ಮಾತು. ನಮ್ಮ ಕಾರ್ಖಾನೆಗಳ ಪಾಳಿ ಸೈರನ್ ಒಂದೇ ಸ್ವರದಲ್ಲಿ ಕೂಗುತ್ತೆ. ಅದನ್ನು ರೆಕಾರ್ಡ್ ಮಾಡಿ ಹಾಕಿದರೆ ಅರ್ಥ ತಿರುಗಾಮುರುಗಾ ಆಗುತ್ತೆ, ಯಾಕಂದರೆ ಒಂದೇ ಸ್ವರ ಅಂದರೆ ಅಪಾಯ ಕಳೆಯಿತು ಅಂತ. ಎಚ್ಚರಿಕೆಯದ್ದು ಏರಿ ಇಳಿಯುವ ಸ್ವರ.

ಹಳೇ_ಪತ್ರಿಕೆ

ರೇಡಿಯೋ ವಾಲ್ವಿನದು, ಗುಂಡಿ ತಿರುವಿದ ತಕ್ಷಣ ಮಾತಾಡಲ್ಲ. ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ ಬೇಕು. 11:14ಕ್ಕೆ ತಂದೆ ಗುಂಡಿ ತಿರುವಲಿ, ಡಯಲ್ ದೀಪ ಹತ್ತಲಿ, ಆ ಅರ್ಧ ನಿಮಿಷ ಯಾರೂ ಮಾತಾಡದಿರಲಿ.

ಮೈಸೂರಿನ ಎಳೆ ಬೇಕಿದ್ದರೆ: ಅದೇ ಕ್ಷಣ ಇಂದಿನ ಭಾರತೀಯ ಸಮಯದಲ್ಲಿ ಮಧ್ಯಾಹ್ನ 3:45. ಅವತ್ತೇ ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿಯ ಯಾರನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದರು. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಮನೆಯಲ್ಲಿ ಶುರುಮಾಡಿದ ‘ಆಕಾಶವಾಣಿ’ ರೇಡಿಯೋ ಕೇಂದ್ರಕ್ಕೆ ಆಗ ಹತ್ತಿರಹತ್ತಿರ ನಾಲ್ಕು ವರ್ಷ. ನಾಟಕಕ್ಕೆ ಮುಂಚೆ, ಪರದೆ ಏಳುವ ಮೊದಲು ಇದನ್ನು ಎರಡು ವಾಕ್ಯದಲ್ಲಿ ಹೇಳಬಹುದು. ಲಂಡನ್ನಿನ ಅಡುಗೆಮನೆಯೊಳಗೆ ತುರುಕಬೇಡಿ, ಅವರ ಬಾಯಲ್ಲಿ ಅದು ಬರಲ್ಲ.